ಮೊದಲ ಎಡೆ ನಾಯಿಗೆ

ನಮ್ಮ ನಾಯಿ ಹೇಗೆ ಸತ್ತಿತು ಎಂದು ಯಾರಾದರೂ ಕೇಳಿದರೆ ಅಪ್ಪ ಒಂದು ಕಥೆ ಹೇಳುತ್ತಾನೆ. ಕೇಳಿದವರು ಕೈ ಮುಗಿಯುತ್ತಾರೆ. ಬೆಳಗಾವಿ ಕಡೆಯ ನೆಂಟರಂತೂ ಫೋನಿನಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಮೂಗು ಸೀಟಿದ್ದಾರೆ. ಆ ಕಥೆಯಲ್ಲಿ ಸುಳ್ಳು ಹೆಚ್ಚೇನೂ ಇಲ್ಲ. ಆದರೂ ಅದು ಶುರುವಾದರೆ ಸಾಕು, ನನ್ನ ಮೈ ಉರಿಯುತ್ತದೆ. ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುವಿ ನಿಲ್ಲುತ್ತೇನೆ. ನೀರಿನ ಸದ್ದಿಗೆ ಅಪ್ಪನ ದನಿ ಅರ್ಧ ಮುಚ್ಚಿಹೋಗುತ್ತದೆ. ಅದೇ ಕಥೆಯನ್ನು ನಾನೂ ಇಲ್ಲಿ ಹೇಳುತ್ತೇನೆ. ಕೈ ಮಾತ್ರ ಮುಗಿಯುವುದಿಲ್ಲ.

ನಾಯಿಗೆ ಒಂದು ಹೆಸರಿತ್ತು. ಅಪ್ಪ ಈಗ ಆ ಹೆಸರನ್ನು ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ ಹೇಳುತ್ತಾನೆ. ಅದಕ್ಕೇ ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ನಾಯಿ ಎಂದರೆ ಸಾಕು. ಅದು ಬದುಕಿದ್ದಷ್ಟು ದಿನವೂ ನಾಯಿಯಾಗಿಯೇ ಇತ್ತು, ಅದಕ್ಕೆ ದೇವರಾಗುವ ಆಸೆ ಇರಲಿಲ್ಲ.

ನಮ್ಮ ಮನೆದೇವರು ಮೈಲಾರಲಿಂಗ. ಇಲ್ಲಿನ ಮರಾಠಿ ಜನ ಅವನನ್ನೇ ಖಂಡೋಬಾ ಎನ್ನುತ್ತಾರೆ. ಯಾವ ಪಟ ನೋಡಿದರೂ ಅವನ ಕುದುರೆಯ ಕಾಲ ಬಳಿ ಒಂದು ನಾಯಿ ಇರುತ್ತದೆ. ಹೀಗಾಗಿ ಚಂಪಾ ಷಷ್ಠಿಯ ದಿನ ನಮ್ಮಲ್ಲಿ ದೇವರಿಗೆ ಎಡೆ ತೋರಿಸಿದ ಮೇಲೆ ಮೊದಲು ಉಣ್ಣುವುದು ನಾಯಿ. ಅದು ಬಾಯಿ ಇಡುವ ತನಕ ಮನೆಯವರು ಯಾರೂ ನೀರು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಮಳೆಗಾಲದಿಂದ ತಿನ್ನುವುದನ್ನು ಬಿಟ್ಟಿದ್ದ ಬದನೆಕಾಯಿ, ಉಳ್ಳಾಗಡ್ಡಿಯನ್ನು ಮತ್ತೆ ಒಲೆಗೆ ತರುವುದೂ ಅವತ್ತೇ. ಬದನೆಕಾಯಿಯನ್ನು ಉರಿಯಲ್ಲಿ ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕಿವುಚಿದ ಭರ್ತ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ತಿಂಗಳುಗಟ್ಟಲೆ ಬಾಯಿ ಕಟ್ಟಿ ಕೂತವರಿಗೆ ಆ ವಾಸನೆಯೇ ಒಂದು ಪರೀಕ್ಷೆ.

ಊರಲ್ಲಿ ಇದೆಲ್ಲ ಸುಲಭವಿತ್ತಂತೆ. ಅಲ್ಲಿ ಯಾರ ಮನೆ ಮುಂದೆಯೂ ನಾಯಿಗೆ ಬರಗಾಲವಿಲ್ಲ. ಘಾಟ್ಕೋಪರಿನ ನಮ್ಮ ಸೊಸೈಟಿಯಲ್ಲಿ ಹಾಗಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಷಷ್ಠಿಯ ದಿನ ಧೋತ್ರ ಉಟ್ಟು, ಹಣೆ ತುಂಬ ಭಂಡಾರದ ಅರಿಶಿನ ಬಳಿದುಕೊಂಡು, ಎಡೆಯ ತಾಟು ಹಿಡಿದು ಬೀದಿನಾಯಿ ಹುಡುಕುತ್ತ ಮೂರು ಮಹಡಿ ಇಳಿಯುತ್ತಿದ್ದ. ಬೇರೆ ದಿನ ಕಾಲಿಗೆ ತೊಡರುವ ನಾಯಿಗಳು ಅವತ್ತು ಒಂದೂ ಸಿಗುತ್ತಿರಲಿಲ್ಲ. ಸಿಕ್ಕರೆ ಸೊಸೈಟಿಯ ಸೆಕ್ರೆಟರಿ ಸಿಗುತ್ತಿದ್ದರು, ಕಾಂಪೌಂಡಿನಲ್ಲಿ ನಾಯಿಗೆ ಹಾಕಬೇಡಿ ಎಂದು ಬೋರ್ಡು ತೋರಿಸುತ್ತ. ಫೋರ್ಟಿನ ಕಂಪನಿಯಲ್ಲಿ ದಿನವಿಡೀ ಸಾಹೇಬರ ಮುಂದೆ ತಲೆ ಬಗ್ಗಿಸುತ್ತಿದ್ದ ಅಪ್ಪ ವರ್ಷಕ್ಕೊಮ್ಮೆ ಬೀದಿನಾಯಿಯ ಮುಂದೆಯೂ ಬಗ್ಗುವುದನ್ನು ನಾವು ಬಾಲ್ಕನಿಯಿಂದ ನೋಡಿ ನಗುತ್ತಿದ್ದೆವು. ಹೊಟ್ಟೆ ಹಸಿದಿದ್ದರಿಂದ ನಗು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ನನ್ನ ತಮ್ಮ ಒಂದು ಸಂಜೆ ವಡಾಲದ ಗೆಳೆಯನ ಮನೆಯಿಂದ ಮರಿಯೊಂದನ್ನು ಶರ್ಟಿನೊಳಗೆ ಇಟ್ಟುಕೊಂಡು ಬಂದ. ಕಾಲೋನಿಯ ಗ್ಯಾರೇಜಿನಲ್ಲಿ ಹುಟ್ಟಿದ್ದು. ಮೈಯೆಲ್ಲ ಕಂದು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಅಪ್ಪ ಕೂಗಾಡಿದ. "ಇರಾಕ ನಮಗ ಜಾಗಾ ಇಲ್ಲ, ಇದನ್ನೇನ ನಿನ್ನ ತಲಿ ಮ್ಯಾಲ ಕುಂದರಸ್ತೀ?" ಎಂದ. ಅವ್ವ ಒಂದು ಬಟ್ಟಲಲ್ಲಿ ಹಾಲು ಇಟ್ಟಳು. ನಮ್ಮ ಮನೆಯಲ್ಲಿ ಜಗಳಗಳು ಹೀಗೇ ಮುಗಿಯುವುದು.

ಷಷ್ಠಿ ಬಂತು. ಅಪ್ಪ ತಾಟು ಹಿಡಿದು ಎಂದಿನಂತೆ ಚಪ್ಪಲಿ ಹುಡುಕುತ್ತಿದ್ದಾಗ ಅವ್ವ, "ಮನ್ಯಾಗ ಇಟಗೊಂಡು ಓಣಿಯೆಲ್ಲಾ ಯಾಕ ತಿರಗ್ತೀರಿ?" ಎಂದಳು. ಅಪ್ಪ ಮರಿಯನ್ನು ನೋಡಿದ. ಆವರೆಗೆ ಅವನು ಅದನ್ನು ನಾಯಿ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾಟನ್ನು ಅದರ ಮುಂದಿಟ್ಟ. ಮರಿ ಮೂತಿಗೆಲ್ಲ ಭರ್ತ ಮೆತ್ತಿಕೊಂಡು ತಾಟು ನೆಕ್ಕಿತು. ನಾವು ಇನ್ನೂ ಬಿಸಿ ಇದ್ದ ರೊಟ್ಟಿಗೆ ಕೈ ಹಾಕಿದೆವು. ಹಬ್ಬದ ರೊಟ್ಟಿಯನ್ನು ಬಿಸಿಯಾಗಿ ತಿಂದದ್ದು ಅದೇ ಮೊದಲು. ಆವತ್ತಿನಿಂದ ಅಪ್ಪನಿಗೆ ಆ ನಾಯಿ ದೇವರೇ ಕಳಿಸಿದ್ದು ಆಯಿತು. ವಡಾಲದ ಗ್ಯಾರೇಜಿನ ಮಾತು ಯಾರೂ ಎತ್ತುವಂತಿರಲಿಲ್ಲ.

ಅಪ್ಪ ಅದನ್ನು ಪ್ರೀತಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗಿದ್ದಿದ್ದರೆ ನನ್ನ ಸಿಟ್ಟಿಗೆ ಒಂದು ನೆಲೆ ಸಿಗುತ್ತಿತ್ತು. ಅಪ್ಪ ಅದನ್ನು ನಮ್ಮಿಬ್ಬರಿಗಿಂತ ಹೆಚ್ಚು ಪ್ರೀತಿಸಿದ. ನಾವು ಹುಡುಗರಿದ್ದಾಗ ಒಮ್ಮೆಯೂ ಎತ್ತಿ ಆಡಿಸದವನು ಅದರ ಜೊತೆ ನೆಲದ ಮೇಲೆ ಉರುಳಾಡಿದ. ನಿವೃತ್ತನಾದ ಮೇಲಂತೂ ಅವರಿಬ್ಬರದೇ ಒಂದು ಸಂಸಾರ. ಬೆಳಿಗ್ಗೆ ಮೆಟ್ರೋ ಕೆಳಗಿನ ರಸ್ತೆಯಲ್ಲಿ ವಾಕಿಂಗ್, ಮಧ್ಯಾಹ್ನ ಒಂದೇ ಚಾಪೆಯ ಮೇಲೆ ನಿದ್ದೆ, ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಹೋಗಿಬರುವವರ ಮೇಲೆ ಕಣ್ಣು. ನಾನು ಫೋರ್ಟಿನ ಆಫೀಸಿನಿಂದ ಲೋಕಲಿನಲ್ಲಿ ಹಿಂಡಿಸಿಕೊಂಡು ಬಂದರೆ ನಾಯಿ ಮೆಟ್ಟಿಲಿಳಿದು ಬಂದು ನನ್ನ ಡಬ್ಬಿಯ ಚೀಲ ಮೂಸುತ್ತಿತ್ತು. ಮನೆಯಲ್ಲಿ ನನ್ನ ದಾರಿ ಕಾಯುತ್ತಿದ್ದದ್ದು ಅದೊಂದೇ. ಉಳಿದವರೆಲ್ಲ ಟೀವಿ ನೋಡುತ್ತಿದ್ದರು.

ಒಂದು ವಿಷಯದಲ್ಲಿ ಅಪ್ಪ ಅದಕ್ಕೆ ಕಟ್ಟುನಿಟ್ಟಾಗಿ ಕಲಿಸಿದ್ದ. ತಾಟು ಮುಂದಿಟ್ಟರೂ ನಾಯಿ ಮುಟ್ಟಬಾರದು. ಬಾಯಿಂದ ಜೊಲ್ಲು ನೆಲಕ್ಕೆ ಇಳಿದರೂ ಕಾಯಬೇಕು. ಅಪ್ಪ "ಉಣ್ಣಪಾ" ಎಂದ ಮೇಲೆಯೇ ಬಾಯಿ ಇಡಬೇಕು. ಷಷ್ಠಿಯ ದಿನ ದೇವರಿಗೆ ತೋರಿಸುವ ಮುಂಚೆ ಎಡೆ ಎಂಜಲಾಗಬಾರದೆಂದು ಶುರುವಾದ ಶಿಸ್ತು ಅದು. ಬಂದವರ ಮುಂದೆ ಅಪ್ಪ ಇದನ್ನು ಮಾಡಿ ತೋರಿಸುತ್ತಿದ್ದ. ಬಿಸ್ಕೀಟು ಮೂಗಿನ ಮುಂದಿಟ್ಟು ಊರ ಸುದ್ದಿಯೆಲ್ಲ ಮಾತಾಡಿ, ಕಡೆಗೆ "ಉಣ್ಣಪಾ" ಎನ್ನುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ನಾಯಿ ಒಮ್ಮೆಯೂ ತಪ್ಪಲಿಲ್ಲ. ಅದು ಹಸಿವಿಗಿಂತ ಅಪ್ಪನ ಮಾತನ್ನು ಹೆಚ್ಚು ನಂಬಿತ್ತು. ಅವನು ಆ ಮಾತು ಹೇಳಿದರೆ ಹೊಟ್ಟೆ ತುಂಬಿದ್ದರೂ ತಿನ್ನುತ್ತಿತ್ತು. ಜ್ವರವಿದ್ದರೂ ತಿನ್ನುತ್ತಿತ್ತು. ಬೇವಿನ ಎಲೆಯ ಉಂಡೆಯನ್ನೂ ಒಮ್ಮೆ ಮುಖ ಕಿವುಚಿಕೊಂಡು ನುಂಗಿತ್ತು.

ಅದಕ್ಕೆ ವಯಸ್ಸಾಯಿತು. ಮೂತಿ ಬೆಳ್ಳಗಾಯಿತು. ಮೊದಲು ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಮೆಟ್ಟಿಲಿಳಿದು ನನ್ನನ್ನು ಕಾಯುವುದು ನಿಂತಿತು. ಹೋದ ವರ್ಷ ದೀಪಾವಳಿ ಕಳೆದು ಮೂರ್ನಾಲ್ಕು ವಾರಕ್ಕೆ ಅನ್ನ ಬಿಟ್ಟಿತು. ನೀರು ಕುಡಿಯುತ್ತಿತ್ತು, ಕುಡಿದದ್ದನ್ನೆಲ್ಲ ಕಾರುತ್ತಿತ್ತು. ಬಾಯಿಂದ ಒಂದು ಕೆಟ್ಟ ವಾಸನೆ. ನಾನೂ ತಮ್ಮನೂ ಅದನ್ನು ಕೌದಿಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಡಾಕ್ಟರ ಹತ್ತಿರ ಒಯ್ದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಾಯಿಯ ತುಟಿ ಎತ್ತಿ ನಮಗೆ ತೋರಿಸಿದರು. ಒಳಗೆಲ್ಲ ಹುಣ್ಣು. ನಾಲಿಗೆಯ ಅಂಚು ಸುಟ್ಟಂತಾಗಿತ್ತು. ಎರಡೂ ಕಿಡ್ನಿ ಕೈಬಿಟ್ಟಿವೆ, ಅದಕ್ಕೇ ಬಾಯಿ ಹೀಗಾಗಿದೆ, ಇನ್ನು ಔಷಧಿಯಿಂದ ಏನೂ ಆಗುವುದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, "ಇಸ್ಕೋ ಬಹುತ್ ತಕ್ಲೀಫ್ ಹೋ ರಹೀ ಹೈ. ಜಾನೇ ದೀಜಿಯೇ," ಎಂದು, ಇದರ ನೋವು ಸಾಕು, ಹೋಗಲು ಬಿಡಿ ಎನ್ನುವಂತೆ ನಮ್ಮನ್ನು ನೋಡಿದರು. ಇಂಜೆಕ್ಷನ್ ಕೊಟ್ಟರೆ ನಿದ್ದೆಯಲ್ಲೇ ಹೋಗುತ್ತದೆ, ಬೇಕಾದರೆ ಮನೆಗೇ ಬರುತ್ತೇನೆ, ಅದರ ಚಾಪೆಯ ಮೇಲೆಯೇ ಹೋಗಲಿ ಎಂದರು. ತಮ್ಮ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನು ನಾಯಿಯ ಮಡಚಿದ ಕಿವಿಯನ್ನು ಹಿಡಿದುಕೊಂಡೇ ಹೂಂ ಎಂದೆ.

ಅಪ್ಪನಿಗೆ ಹೇಳಿದಾಗ ಅವನು ದೇವರ ಜಗುಲಿಯ ಕಡೆ ನೋಡಿದ.

"ಮೈಲಾರಪ್ಪನ ನಾಯಿಗೆ ಸೂಜಿ ಚುಚ್ಚಿ ಕೊಲ್ಲಸ್ತೀರೇನು?" ಎಂದ.

"ಅದಕ್ಕ ಭಾಳ ತ್ರಾಸ ಆಗಾಕತ್ತೇತಪ್ಪಾ," ಎಂದೆ.

"ತ್ರಾಸ ನನಗ ಕಾಣಂಗಿಲ್ಲೇನು? ಷಷ್ಠಿ ಎಂಟ-ಹತ್ತ ದಿನಾ ಐತಿ. ಷಷ್ಠಿ ಒಂದ ಆಗಲಿ. ಎಡಿ ಉಂಡು ಹೋಗಲಿ. ಆಮ್ಯಾಲ ನಿಮ್ಮ ಡಾಕ್ಟರನ್ನ ಕರಕೊಂಡ ಬರ್ರಿ, ನಾ ಅಡ್ಡ ಬರಂಗಿಲ್ಲ."

ನಾನು ತಮ್ಮನ ಮುಖ ನೋಡಿದೆ. ಅವನು ನನ್ನನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ, "ಜಾನೇ ದೇ ಅಕ್ಕಾ. ಅಪ್ಪಗ ಯಾರ ಹೇಳಬೇಕು? ಥೋಡಾ ಅಡ್ಜಸ್ಟ್ ಮಾಡೂಣು," ಎಂದ. ಅಡ್ಜಸ್ಟ್ ಮಾಡಬೇಕಾದದ್ದು ನಾಯಿ. ಅದರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಆ ದಿನಗಳಲ್ಲಿ ನಾಯಿ ಮಲಗಿದಲ್ಲೇ ಇತ್ತು. ಅವ್ವ ಒದ್ದೆ ಬಟ್ಟೆಯಿಂದ ಅದರ ಬಾಯಿ ಒರೆಸುತ್ತಿದ್ದಳು. ಬಟ್ಟೆ ತಾಗಿದರೆ ಸಾಕು, ನಡುಗುತ್ತಿತ್ತು. ಅಪ್ಪ ಅದರ ತಲೆಗೆ ಭಂಡಾರ ಹಚ್ಚಿ, ಪಕ್ಕದಲ್ಲಿ ಕೂತು, "ಇನ್ನೊಂದ ಸ್ವಲ್ಪ ದಿನಾ ತಡಿಯಪಾ," ಎನ್ನುತ್ತಿದ್ದ. ಅದು ಅಪ್ಪನ ಮಾತು ಕೇಳುವ ನಾಯಿ. ತಡೆಯಿತು.

ಷಷ್ಠಿಯ ದಿನ ನಾನು ಆಫೀಸಿಗೆ ರಜೆ ಹಾಕಿದೆ. ಸಂಜೆ ಮನೆಗೆ ಬರಲು ಡಾಕ್ಟರಿಗೆ ಹೇಳಿದ್ದೆ. ಅಪ್ಪನೂ ಒಪ್ಪಿದ್ದ. ಬೆಳಗಿನಿಂದ ನನ್ನ ತಲೆಯಲ್ಲಿದ್ದದ್ದು ಒಂದೇ: ಸಂಜೆ ಆದರೆ ಇದಕ್ಕೆ ಬಿಡುಗಡೆ. ನಾನು ಅದರ ಪಕ್ಕ ಕೂತು ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ಬದನೆಕಾಯಿ ಸುಡುತ್ತಿತ್ತು.

ಮಧ್ಯಾಹ್ನ ಪೂಜೆ ಮುಗಿಯಿತು. "ಏಳುಕೋಟಿ ಏಳುಕೋಟಿಗೋ" ಎಂದು ಕೂಗಿ ಭಂಡಾರ ಹಾರಿಸಿದ್ದಾಯಿತು. ಅಪ್ಪ ತಾಟನ್ನು ನಾಯಿಯ ಮುಂದಿಟ್ಟು, "ಉಣ್ಣಪಾ," ಎಂದ.

ನಾಯಿ ಕಣ್ಣು ತೆರೆಯಿತು. ಬಾಲದ ತುದಿ ಒಮ್ಮೆ ನೆಲಕ್ಕೆ ತಾಗಿತು. ತಲೆ ಎತ್ತಲು ನೋಡಿತು, ಆಗಲಿಲ್ಲ.

"ಉಣ್ಣಪಾ."

ನಾವೆಲ್ಲ ನಿಂತೇ ಇದ್ದೆವು. ಸ್ವಲ್ಪ ಹೊತ್ತಾದ ಮೇಲೆ ಕೂತೆವು. ಭರ್ತ ತಣ್ಣಗಾಯಿತು. ಅಪ್ಪ ಒಂದು ಚೂರು ರೊಟ್ಟಿಯನ್ನು ಭರ್ತದಲ್ಲಿ ಅದ್ದಿ ಅದರ ಮೂಗಿನ ಬಳಿ ಹಿಡಿದ. ನಾಯಿ ಮುಖ ತಿರುಗಿಸಿತು. ಅಪ್ಪ ತಿರುಗಿಸಿದ ಕಡೆಗೆ ಹೋಗಿ ಹಿಡಿದ.

"ಅಪ್ಪಾ, ಬಾಯಾಗ ಹುಣ್ಣ ಐತಿ. ಖಾರದ್ದು ಹೆಂಗ ತಿಂತೇತಿ? ಮುಂದ ಇಟ್ಟಿವಲ್ಲ, ಅಷ್ಟ ಸಾಕು. ದೇವರು ತಿಳ್ಕೋತಾನ," ಎಂದೆ.

ಅಪ್ಪ ನನ್ನ ಕಡೆ ತಿರುಗಿದ. "ದೇವರು ಏನ ತಿಳ್ಕೋಬೇಕು ಅನ್ನೂದನ್ನ ಹೇಳಾಕ ನೀ ಯಾರು? ಮುತ್ಯಾನ ಕಾಲದಿಂದ ನಡದದ್ದು ನನ್ನ ಕೈಯಾಗ ಮುರೀಬೇಕೇನು?"

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೂರು ಗಂಟೆ ಆಯಿತು, ನಾಲ್ಕಾಯಿತು. ತಮ್ಮ ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸ ಮಾಡುವವನಂತೆ ಕೂತ. ಅವ್ವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಅವಳ ಕೈಕಾಲು ನಡುಗುತ್ತವೆ. ನಡುಗಲು ಶುರುವಾಯಿತು. ನಾನು ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ ಅವಳಿಗೆ ಕುಡಿಸಿದೆ. ಅಪ್ಪ ಅದನ್ನು ನೋಡಿದ. "ಇರಲಿ. ಸಕ್ಕರಿ ನೀರೂ ನೀರ," ಎಂದ. ಹೆಂಡತಿಯ ಮಟ್ಟಿಗೆ ನೀರಿನ ಅರ್ಥ ಅಷ್ಟು ಅಗಲವಾಯಿತು. ನಾಯಿಯ ಮಟ್ಟಿಗೆ ಊಟದ ಅರ್ಥ ಒಂದಿಷ್ಟೂ ಬದಲಾಗಲಿಲ್ಲ.

ಹೊತ್ತು ಇಳಿಯುತ್ತ ಬಂತು. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅಪ್ಪ ಮೊಣಕಾಲು ನೋವಿನವನು, ಕುರ್ಚಿ ಬಿಟ್ಟು ನೆಲಕ್ಕೆ ಕೂತ. ನಾಯಿಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಈ ಸಲ ಅವನ ದನಿಯಲ್ಲಿ ಜೋರಿರಲಿಲ್ಲ.

"ನೋಡಲ್ಲೆ, ನಿಮ್ಮವ್ವ ಹೆಂಗ ಕುಂತಾಳ. ನೀ ಉಂಡ್ರ ಆಕಿ ಉಣ್ತಾಳ. ಒಂದ ತುತ್ತ. ಉಣ್ಣಪಾ. ನನ್ನ ದೇವರ, ಉಣ್ಣಪಾ."

ನಾಯಿ ಅಪ್ಪನ ಮುಖವನ್ನು ನೋಡಿತು. ಮುಂಗಾಲು ನೆಲಕ್ಕೆ ಒತ್ತಿ ಏಳಲು ಹೋಯಿತು. ಟೈಲ್ಸಿನ ಮೇಲೆ ಕಾಲು ಜಾರಿತು. ಮತ್ತೆ ಒತ್ತಿತು. ಅಪ್ಪ ತಾಟನ್ನು ಹತ್ತಿರ ಸರಿಸಿದ. ನಾಯಿ ಬಾಯಿ ಇಟ್ಟಿತು. ಖಾರ ತಾಗಿದ ಕೂಡಲೇ ಅದರ ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದನ್ನು ಅದು ಜೀವಮಾನದಲ್ಲಿ ಮಾಡಿರಲಿಲ್ಲ. ಬಾಯಿ ಹಿಂದೆ ತೆಗೆಯಿತು, ಅಪ್ಪನನ್ನು ನೋಡಿತು, ಮತ್ತೆ ಇಟ್ಟಿತು. ಒಂದು ಚೂರನ್ನು ಹಾಗೇ ನುಂಗಿತು. ಇನ್ನೊಂದನ್ನೂ ನುಂಗಿತು.

"ಏಳುಕೋಟಿ!" ಎಂದು ಅಪ್ಪ ಕೂಗಿದ. ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. "ನೋಡ್ರಿ, ಉಂಡ! ಎಲ್ಲಾರಿಗೂ ಉಣ್ಣಾಕ ಹಚ್ಚಿದ!"

ಅಪ್ಪ ಹೇಳುವ ಕಥೆಯಲ್ಲಿ ಇದೇ ಆ ಪವಾಡ. ದಿನಗಟ್ಟಲೆ ಅನ್ನ ಬಿಟ್ಟಿದ್ದ ನಾಯಿ ದೇವರ ಎಡೆಗೆ ತಾನಾಗಿ ಎದ್ದು ಬಾಯಿ ಇಟ್ಟಿತು ಎನ್ನುತ್ತಾನೆ. ತಾನಾಗಿ ಎಂಬ ಒಂದು ಮಾತನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ದೇವರು ಹೇಳಿದ್ದನ್ನು ನಾನು ಕೇಳಲಿಲ್ಲ. ಅಪ್ಪ ಹೇಳಿದ್ದನ್ನು ಕೇಳಿದೆ. ನಾಯಿಯೂ ಅದನ್ನೇ ಕೇಳಿತು.

ಅವ್ವ ಗೋಡೆ ಹಿಡಿದು ಎದ್ದು ಬಡಿಸಿದಳು. ತಮ್ಮ ಲ್ಯಾಪ್‌ಟಾಪ್ ಮುಚ್ಚಿ ತಾಟಿನ ಮುಂದೆ ಕೂತ. ಇನ್ನೇನು ಮೊದಲ ತುತ್ತು ಎತ್ತಬೇಕು, ಬಾಗಿಲ ಬೆಲ್ಲು ಹೊಡೆಯಿತು. ಡಾಕ್ಟರು ಬಂದಿದ್ದರು, ಹೆಗಲಿಗೆ ಚೀಲ ಹಾಕಿಕೊಂಡು.

ನಾನು ಏಳುವ ಮುಂಚೆ ಅಪ್ಪ ಬಾಗಿಲಿಗೆ ಹೋದ. "ನಕೋ ಡಾಕ್ಟರ್. ಉಸ್ನೇ ಖಾನಾ ಖಾಯಾ. ಅಬ್ ಅಚ್ಛಾ ಹೋ ಜಾಯೇಗಾ," ಎಂದ. ನಾನು ಹಿಂದಿನಿಂದ, "ಅಪ್ಪಾ, ಮಾತ ಕೊಟ್ಟಿದ್ದಿ. ಷಷ್ಠಿ ಆದ ಮ್ಯಾಲ ಅಂದಿದ್ದಿ," ಎಂದೆ.

"ಆವಾಗ ಉಣ್ಣತಿದ್ದಿಲ್ಲ. ಈಗ ಉಂಡೇತಿ. ಬದಕ್ತೇತಿ."

ಡಾಕ್ಟರು ಅಪ್ಪನ ಭುಜದ ಮೇಲಿಂದ ಒಳಗೆ ನೋಡಿದರು. ನಾಯಿ ತಾಟಿನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರ ಹಣೆ ತುಂಬ ಅರಿಶಿನ. ಅವರು ಅಪ್ಪನಿಗೆ ನಿಧಾನವಾಗಿ ಎಲ್ಲವನ್ನೂ ಮತ್ತೆ ಹೇಳಿದರು, ಕಿಡ್ನಿ, ಹುಣ್ಣು, ನೋವು. ಅಪ್ಪ ಎರಡೂ ಕೈ ಜೋಡಿಸಿ, ಪ್ರಸಾದ ತೆಗೆದುಕೊಂಡು ಹೋಗಿ ಎಂದ. ಮನೆಯ ಯಜಮಾನ ಬೇಡವೆಂದ ಮೇಲೆ ತಾನು ಏನೂ ಮಾಡುವಂತಿಲ್ಲ ಎಂದು ಅವರು ನನ್ನ ಕಡೆ ನೋಡಿ ಹೇಳಿದರು. ಮೆಟ್ಟಿಲು ಇಳಿಯುತ್ತಿದ್ದ ಅವರ ಚಪ್ಪಲಿ ಸದ್ದು ಕೆಳಗಿನ ತನಕ ಕೇಳಿಸಿತು. ನಾನು ತಮ್ಮನನ್ನು ನೋಡಿದೆ. ಅವನು ತಲೆ ಎತ್ತಲಿಲ್ಲ. ಅವನ ಬಾಯಿಯಲ್ಲಿ ತುತ್ತಿತ್ತು.

ಆವತ್ತು ತಿಂದದ್ದೆಲ್ಲ ಸ್ವಲ್ಪ ಹೊತ್ತಿಗೇ ಹೊರಗೆ ಬಂತು. ರಕ್ತವೂ ಬಂತು. ನಾನು ನೆಲ ಒರೆಸುತ್ತಿದ್ದರೆ ಅಪ್ಪ, "ಹಬ್ಬದ ಊಟ, ಒಮ್ಮಿಂದೊಮ್ಮೆಲೆ ಜಾಸ್ತಿ ಆತು ನೋಡು," ಎಂದ. ನಾನು ಒರೆಸುವ ಬಟ್ಟೆಯನ್ನು ಬಕೀಟಿಗೆ ಎಸೆದೆ. ನೀರು ಅವನ ಧೋತ್ರಕ್ಕೆ ಸಿಡಿಯಿತು. ಅವನು ಅದನ್ನು ಒರೆಸಿಕೊಂಡು ನಕ್ಕ, ಆ ಹೊತ್ತಿನಲ್ಲಿ ಅವನಷ್ಟು ಸುಖಿ ಘಾಟ್ಕೋಪರಿನಲ್ಲಿ ಯಾರೂ ಇರಲಿಲ್ಲ.

ಆಮೇಲಿನ ದಿನಗಳನ್ನು ನಾನು ಬಿಡಿಸಿ ಹೇಳುವುದಿಲ್ಲ. ನಾಯಿ ಕೂಗುತ್ತಿರಲಿಲ್ಲ, ಅದಕ್ಕೆ ಕೂಗುವ ಶಕ್ತಿ ಇರಲಿಲ್ಲ. ನಾನು ಆಫೀಸಿನಲ್ಲಿ ಕೂತರೆ ಖಾರ ತಾಗಿದಾಗ ಬಂದ ಆ ಸದ್ದೇ ಕಿವಿಯಲ್ಲಿತ್ತು. ಅಪ್ಪ ಮೊದಲ ದಿನ, ನಾಳೆ ಏಳುತ್ತದೆ ಎಂದ. ಮರುದಿನವೂ ಅದನ್ನೇ ಹೇಳಿದ. ಆಮೇಲೆ ನಾಯಿ ಮಲಗಿದ್ದ ಮೂಲೆಗೆ ಬರುವುದನ್ನೇ ಕಡಿಮೆ ಮಾಡಿದ.

ಭಾನುವಾರ ಮೈಲಾರಲಿಂಗನ ವಾರ. ಅಪ್ಪ ತಮ್ಮನನ್ನು ಕರೆದುಕೊಂಡು ಖಂಡೋಬನ ಗುಡಿಗೆ ಹೊರಟ. ನಾಯಿ ಉಂಡರೆ ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದನಂತೆ. ಅವರು ಮೆಟ್ಟಿಲಿಳಿದ ಸದ್ದು ಅಡಗಿದ್ದೇ ಅವ್ವ ನನ್ನ ಹತ್ತಿರ ಬಂದಳು. ಮದುವೆಯಾದಾಗಿನಿಂದ ಅಪ್ಪನ ಮಾತಿಗೆ ಎದುರಾಡದ ಹೆಂಗಸು ಅವಳು.

"ಕರೀ ಆಕೀನ್ನ," ಎಂದಳು. "ಯಾರ ಕೇಳಿದ್ರೂ ನಾ ಹೇಳ್ತೀನಿ, ನಾನ ಕರಿಸೀನಿ ಅಂತ."

ನಾನು ಡಾಕ್ಟರಿಗೆ ಫೋನ್ ಮಾಡಿದೆ. ಕ್ಲಿನಿಕ್ಕಿನಲ್ಲಿ ಇಬ್ಬರಿದ್ದಾರೆ, ಮುಗಿಸಿ ಬರುತ್ತೇನೆ ಎಂದರು. ಫೋನ್ ಇಟ್ಟು ತಿರುಗಿದರೆ ನಾಯಿ ಚಾಪೆಯ ಮೇಲೆ ಇರಲಿಲ್ಲ. ಎಲ್ಲಿಂದ ಬಲ ತಂದುಕೊಂಡಿತೋ, ತೆವಳಿಕೊಂಡು ಬಾಗಿಲ ತನಕ ಹೋಗಿತ್ತು. ಅಪ್ಪ ಹೊರಗೆ ಹೋದಾಗ ಬಾಗಿಲ ಸಂದಿಗೆ ಮೂಗಿಟ್ಟು ಕಾಯುವುದು ಅದರ ರೂಢಿ. ಈಗಲೂ ಹಾಗೇ ಮಲಗಿತ್ತು.

ಅವ್ವ ಬೆರಳಿನಿಂದ ಅದರ ನಾಲಿಗೆಗೆ ನೀರು ಹನಿಸಿದಳು. ನಾನು ಪಕ್ಕದಲ್ಲಿ ಮಲಗಿ ಅದರ ಕಿವಿಯ ಹತ್ತಿರ ಬಾಯಿ ಇಟ್ಟೆ. ದಿನಗಟ್ಟಲೆ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ಸಾಕಪಾ," ಎಂದೆ. "ಇನ್ನ ಯಾರ ಮಾತೂ ಕೇಳಬ್ಯಾಡ. ನಮ್ಮಪ್ಪನ ಮಾತೂ ಕೇಳಬ್ಯಾಡ. ಹೋಗು." ಅದು ಬಾಗಿಲನ್ನೇ ನೋಡುತ್ತಿತ್ತು. ನೋಡುತ್ತಲೇ ಉಸಿರು ನಿಂತಿತು. ನನ್ನ ಮಾತು ಕೇಳಿ ಹೋಯಿತೋ, ಕೇಳಿಸಿಕೊಳ್ಳದೇ ಹೋಯಿತೋ ನನಗೆ ಗೊತ್ತಿಲ್ಲ.

ಡಾಕ್ಟರು ಬಂದು ಕುತ್ತಿಗೆ ಮುಟ್ಟಿ ನೋಡಿ, ಚೀಲ ತೆರೆಯದೇ ಎದ್ದರು. ಅವರ ಹಿಂದೆಯೇ ಅಪ್ಪ ಬಂದ, ಕೈಯಲ್ಲಿ ಒಡೆದ ಕಾಯಿ, ಭಂಡಾರದ ಪೊಟ್ಟಣ. ನೋಡಿದವನು ಚೌಕಟ್ಟಿಗೆ ಹಣೆ ಹಚ್ಚಿ ಸಣ್ಣ ಮಕ್ಕಳಂತೆ ಅತ್ತ. "ನಾ ಬರೂ ಮಟಾ ತಡೀಬಾರದಿತ್ತೇನಪಾ," ಎಂದ. ಎಷ್ಟು ತಡೆಯಬೇಕಿತ್ತು ಅದು? ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಬರಬೇಕಿತ್ತು ಎಂದು ಈಗಲೂ ಅನಿಸುವುದಿಲ್ಲ.

ಅವ್ವ ಅದನ್ನು ತಾನು ಹೊಲಿದ ಕೌದಿಯಲ್ಲಿ ಸುತ್ತಿದಳು. ಪ್ರಾಣಿಗಳನ್ನು ಸುಡುವ ಕಡೆಯ ವ್ಯಾನು ಬಂತು. ತಮ್ಮ ಒಬ್ಬನೇ ಎತ್ತಿಕೊಂಡು ಮೂರು ಮಹಡಿ ಇಳಿದ. ತಂದಾಗ ಶರ್ಟಿನೊಳಗೆ ಹಿಡಿಸಿತ್ತು, ಈಗ ಎರಡೂ ತೋಳಿಗೆ ತುಂಬಿತ್ತು. ಸಂಜೆಯ ಹೊತ್ತಿಗೆ ಅಪ್ಪ ಊರಿಗೆ ಫೋನ್ ಹಚ್ಚಿದ್ದ. "ಷಷ್ಠಿ ಎಡಿ ಉಂಡ ಹ್ವಾದ ನೋಡ್ರಿ. ನಮಗೆಲ್ಲಾ ಉಣಿಸಿ ಹ್ವಾದ. ಪುಣ್ಯವಂತ." ನಾನು ನಲ್ಲಿ ತಿರುವಿ ನಿಂತದ್ದು ಅವತ್ತೇ ಮೊದಲು.

ಈ ವರ್ಷವೂ ಷಷ್ಠಿ ಬಂತು. ಬರದೇ ಇರುತ್ತದೆಯೇ? ಬದನೆಕಾಯಿ ಸುಟ್ಟದ್ದಾಯಿತು, ಭಂಡಾರ ಹಾರಿಸಿದ್ದಾಯಿತು. ಅಪ್ಪ ಹಳೆಯ ಕಾಲದಂತೆ ತಾಟು ಹಿಡಿದು ಕೆಳಗಿಳಿದ. ಈಗ ಮೊಣಕಾಲು ಇನ್ನೂ ಕೆಟ್ಟಿವೆ. ನಾನು ಬಾಲ್ಕನಿಯಿಂದ ನೋಡಿದೆ. ಗೇಟಿನ ಹೊರಗೆ ಮೆಟ್ರೋ ಕಂಬದ ನೆರಳಿನಲ್ಲಿ ಒಂದು ಕರಿಯ ಬೀದಿನಾಯಿ ಮಲಗಿತ್ತು. ಅಪ್ಪ ತಾಟನ್ನು ಅದರ ಮುಂದಿಟ್ಟು ಬಗ್ಗಿ ಏನೋ ಹೇಳಿದ. ಏನು ಹೇಳಿದನೆಂದು ನನಗೆ ಕೇಳಿಸಬೇಕಾಗಿರಲಿಲ್ಲ. ಆ ನಾಯಿ ಎದ್ದು ಬಂದು ಮೂಸಿತು, ಸೀನಿತು, ತಾಟಿಗೆ ಬೆನ್ನು ಮಾಡಿ ವಡಾಪಾವ್ ಗಾಡಿಯ ಕಡೆ ನಡೆಯಿತು. ಅಪ್ಪ ಒಂದಿಷ್ಟು ಹೊತ್ತು ನಿಂತ. ಬಿಸಿಲಿತ್ತು. ರಿಕ್ಷಾದವನು ಹಾರ್ನ್ ಹೊಡೆದ. ಅಪ್ಪ ಅತ್ತ ಇತ್ತ ನೋಡಿ, ತಾಟನ್ನು ಎತ್ತಿಕೊಂಡು ಗೇಟಿನೊಳಗೆ ಬಂದ.

ಮೇಲೆ ಬಂದು ತಾಟನ್ನು ಅಡುಗೆಕಟ್ಟೆಯ ಮೇಲಿಟ್ಟ. ಸುಸ್ತಾಗಿದ್ದ. ನಾನು ಸೌಟು ಹಿಡಿದು ನಿಂತಿದ್ದೆ. ಅವ್ವನೂ ತಮ್ಮನೂ ಅವನ ಮುಖ ನೋಡುತ್ತಿದ್ದರು.

"ಬಾಯಿ ಇಟ್ಟತೇನು?" ಎಂದು ಅವ್ವ ಕೇಳಿದಳು.

"ಮೂಸಿ ಹೋತು," ಎಂದು ಅಪ್ಪ ಕೈ ತೊಳೆದುಕೊಂಡು ಮಣೆಯ ಮೇಲೆ ಕೂತ. "ಬೀದಿನಾಯಿ, ಅದಕ್ಕೇನ ಗೊತ್ತ? ಮುಂದ ಇಟ್ಟಿವಲ್ಲ, ಅಷ್ಟ ಸಾಕು. ದೇವರು ತಿಳ್ಕೋತಾನ. ಬಡಸ್ರಿ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಹೋದ ವರ್ಷ ಯಾಕ ತಿಳ್ಕೋಲಿಲ್ಲಪ್ಪಾ?" ಎಂದೆ.

ಅಪ್ಪನ ಕೈ ತಾಟಿನ ಅಂಚಿನ ಮೇಲೆ ಹಾಗೇ ಇತ್ತು. ಅವನು ನಾಯಿ ಮಲಗುತ್ತಿದ್ದ ಮೂಲೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ಉಣ್ಣೂ ಮುಂದ ಬ್ಯಾಡವ್ವಾ," ಎಂದು ಅವ್ವ ನನ್ನ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸಿದಳು.

ಅಪ್ಪ ರೊಟ್ಟಿ ಮುರಿದ. ತಲೆ ಎತ್ತದೆ ಉಂಡ. ಅವನಿಗೆ ಉಣ್ಣಪಾ ಎಂದು ಯಾರೂ ಹೇಳಬೇಕಾಗಲಿಲ್ಲ.